ಟೇಸನ್ ಸ್ಟಾಪು

ಆರೂಮುಕ್ಕಾಲಕ್ಕೆ ಸಾಗರ ಬಿಡುವ ನಮ್ಮ ಬಸ್ಸಿನಲ್ಲಿ
ಇಲ್ಲದ ಜಾಗಗಳಿಗೆ ದಿನಾ ಟಿಕೆಟ್ಟು ಹರಿಯುತ್ತೇನೆ.
ಗೇಟು ಅಂತೀನಿ, ಇಬ್ಬರು ಇಳೀತಾರೆ. ಗೇಟಿಲ್ಲ.
ನೀರ್‌ಟ್ಯಾಂಕಿ ಅಂತೀನಿ. ಟ್ಯಾಂಕಿಯೂ ಇಲ್ಲ,
ಒಂದು ಅತ್ತಿಮರ, ಬುಡದಲ್ಲಿ ಬೇಸಗೆಗೂ ಆರದ ಒದ್ದೆ.
ಟೇಸನ್ ಸ್ಟಾಪು ಅಂದರೆ ಅರ್ಧ ಬಸ್ಸು ಖಾಲಿ:
ಸೊಸೈಟಿ, ಕೋಳಿ ಅಂಗಡಿ, ಹೈಸ್ಕೂಲು ಎಲ್ಲ ಅಲ್ಲೇ.
ರೈಲು ಮಾತ್ರ
ನಾನು ಹುಟ್ಟುವ ಹನ್ನೊಂದು ವರ್ಷ ಮೊದಲೇ ನಿಂತಿದೆ.

ಎರಡಡಿ ಅಗಲದ ಹಳಿ. ಅದರ ಮೇಲೆ
ಮೊದಲು ಹೋದದ್ದು ಮರ, ಮನುಷ್ಯರಲ್ಲ.
ಮತ್ತಿ, ಹೊನ್ನೆ, ನಂದಿ, ತೊಗಟೆ ಸಮೇತ ಮಲಗಿಕೊಂಡು.
ಕಾಡು ತೆಳ್ಳಗಾಗಿ ಡಬ್ಬಿಗಳು ಖಾಲಿ ಓಡಾಡತೊಡಗಿದ ಮೇಲೆ
ಬೆಂಚು ಹಾಕಿದರು.
"ಮರ ಮಲಗ್ತಿದ್ದ ಕಡೆ ನಾವು ಕೂತ್ವಿ" ಅನ್ನುತ್ತಾನೆ
ಡ್ರೈವರ್ ಹಿಂದಿನ ಸೀಟಿನ ಖಾಯಂ ಗಿರಾಕಿ,
ಒಂದು ಕಾಲದ ಕೀಮನ್, ಕೆರಿಯಪ್ಪಜ್ಜ.

ಗಂಟೆಗೆ ಎಂಟು ಮೈಲಿ. ಏರಿನಲ್ಲಿ ಅದೂ ಇಲ್ಲ.
ಎಂಜಿನ್ನಿಗೆ ಏದುಸಿರು ಬಂದರೆ ದಸ್ತಗೀರ್ ಸಾಬರು
ಜನರನ್ನು ಇಳಿಸುತ್ತಿದ್ದರು. ಇಳಿದವರು ಪಕ್ಕದಲ್ಲೇ ನಡೆದು
ನೇರಳೆ ಹಣ್ಣು ಆಯ್ದು ಉಡಿಗೆ ಹಾಕಿಕೊಂಡು
ಗಾಡಿಗಿಂತ ಮೊದಲೇ ದಿಬ್ಬ ಮುಟ್ಟಿ ಕಾಯುತ್ತಿದ್ದರಂತೆ.
ಒಮ್ಮೆ ಒಬ್ಬಳನ್ನು ಇಳಿಸಲಿಲ್ಲ, ದಿನ ತುಂಬಿದ ಬಸುರಿ;
ಉಳಿದವರೆಲ್ಲ ಹಿಂದಿನಿಂದ ತಳ್ಳಿದರು.
ಹುಟ್ಟಿದ ಮಗುವಿಗೆ ರೈಲಿನ ಹೆಸರಿಡಲಿಲ್ಲ, ಪುಣ್ಯ.
ಲೋಲಾಕ್ಷಿ ಅಂತ ಕರೆದರು. ನನ್ನ ಸೋದರತ್ತೆ.

ಲಾಭ? ಅಜ್ಜ ನಗುತ್ತಾನೆ. ಒಂದೇ ವರ್ಷ ಬಂತಂತೆ,
ಲೆಕ್ಕದ ಗುಮಾಸ್ತ ರಜೆ ಹಾಕಿದ ವರ್ಷ.

ಬಂದ್ ಆದ ದಿನ ಹಾರ ತುರಾಯಿ ಏನಿಲ್ಲ.
ಸಂಜೆ ಗಾಡಿ ಬಂತು. ಬೆಳಿಗ್ಗೆ ಹೋಗಲಿಲ್ಲ.
ಬೇಡ ಅಂತ ತನಗೆ ಯಾರೂ ಹೇಳಲಿಲ್ಲವೆಂದು
ಕೆರಿಯಪ್ಪ ಸುತ್ತಿಗೆ ಹೆಗಲಿಗಿಟ್ಟು
ಇನ್ನೂ ಹತ್ತೊಂಬತ್ತು ದಿನ
ಸಡಿಲಾದ ಕೀಲಿ ಬಡಿಯುತ್ತ
ನಾಕು ಮೈಲಿ ಹೋದ, ನಾಕು ಮೈಲಿ ಬಂದ.
ಇಪ್ಪತ್ತನೇ ದಿನ ಹಳಿ ಕೀಳಲು ಬಂದ ಕಂಟ್ರಾಕ್ಟರಿನವರು
"ಇಷ್ಟ್ಯಾಕೆ ಬಿಗಿ ಮಾಡಿದ್ಯೋ ಮಾರಾಯಾ" ಅಂತ ಬೈದರಂತೆ.
ಅದೊಂದೇ ಸರ್ಟಿಫಿಕೇಟು, ಅನ್ನುತ್ತಾನೆ.

ಕಬ್ಬಿಣ ತೂಕಕ್ಕೆ ಹೋಯಿತು. ಸ್ಲೀಪರು
ಯಾರ್ಯಾರದೋ ಕೊಟ್ಟಿಗೆಗೆ ಹೊಸ್ತಿಲಾಯಿತು.
ಉಳಿದ ಜಲ್ಲಿ ಮೇಲೆ ಟಾರು, ಟಾರಿನ ಮೇಲೆ ನಾವು.

ಟೇಸನ್ ದಾಟಿ ಒಂದೂವರೆ ಫರ್ಲಾಂಗಿಗೆ,
ಬಟಾಬಯಲಿನಲ್ಲಿ, ಗುಡ್ಡವಿಲ್ಲ ಹಳ್ಳವಿಲ್ಲ,
ರಸ್ತೆ ಸುಮ್ಮನೆ ಎಡಕ್ಕೆ ಹೊರಳಿ ಮತ್ತೆ ದಾರಿಗೆ ಬರುತ್ತದೆ.
ಯಾವ ಕುಡುಕ ಎಳೆದ ಗೆರೆಯಪ್ಪಾ ಇದು
ಅಂತ ಹೊಸ ಡ್ರೈವರುಗಳು ಗೊಣಗುತ್ತಾರೆ.
ಅಲ್ಲಿ ಗುತ್ಯಮ್ಮನ ಬಕ್ಕೆ ಹಲಸಿನ ಮರ ಇತ್ತು.
ಸರಪಳಿ ಹಿಡಿದು ಬಂದ ಸರ್ವೆಯವರ ಮುಂದೆ
ಆಕೆ ಅಳಲಿಲ್ಲ, ಕಾಲು ಹಿಡಿಯಲಿಲ್ಲ.
ಹಣ್ಣು ಇಳಿಸಿ, ಕೈಗೆ ಎಣ್ಣೆ ಸವರಿಕೊಂಡು,
ಸೊಳೆ ಬಿಡಿಸಿ ಬಾಳೆಲೆಗೆ ಹಾಕಿ
"ತಿನ್ನಿ. ತಿಂದ ಮೇಲೂ ಕಡೀಬೇಕು ಅನ್ಸಿದ್ರೆ ಕಡೀರಿ" ಅಂದಳಂತೆ.
ಅಷ್ಟು ಮತ್ತಿ, ಅಷ್ಟು ಹೊನ್ನೆ ಹೊರಲಿದ್ದ ಲೈನು
ಒಂದು ಹಲಸಿಗೆ ದಾರಿ ಬಿಟ್ಟು ಹೋಯಿತು.

ಗುತ್ಯಮ್ಮ ಈಗಿಲ್ಲ. ಮರ ಯಾವುದೋ ಗಾಳಿಗೆ ಬಿತ್ತು.
ಹಳಿಯ ವಿಷಯ ಹೇಳಿದೆನಲ್ಲ.
ಆದರೂ ದಿನಾ ಏಳೂ ಇಪ್ಪತ್ತರ ಸುಮಾರಿಗೆ
ಐವತ್ತೆರಡು ಸೀಟು, ನಿಂತವರು ಬೇರೆ,
ಮೊಬೈಲು ನೋಡುವವರು, ಬಾಯಿ ಕಳೆದು ನಿದ್ದೆ ಹೋದವರು,
ಚಿಲ್ಲರೆ ಎಣಿಸುವ ನಾನು,
ಎಲ್ಲ ಒಟ್ಟಿಗೇ ಬಲಕ್ಕೆ ವಾಲುತ್ತೇವೆ.

ಕೆರಿಯಪ್ಪಜ್ಜ ಮಾತ್ರ
ಒಂದು ಗಳಿಗೆ ಮೊದಲೇ
ಕಂಬಿ ಹಿಡಿದುಕೊಂಡಿರುತ್ತಾನೆ.